ಊರು ಎಲ್ಲಿ, ಇರೋದು ಎಲ್ಲಿ

ಪ್ರಶ್ನೆ: ನನಗೆ 38 ವರ್ಷ. ಹುಟ್ಟಿ ಬೆಳೆದದ್ದು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ. ಅಪ್ಪ ಅಮ್ಮ ಕಾರ್ಕಳ ಕಡೆಯವರು, ಮನೆಯಲ್ಲಿ ತುಳು. ಅಪ್ಪ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ನಾನು ಏಳನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದೆ. 2012ರಲ್ಲಿ ಮದುವೆಯಾಗಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದೆ. ಗಂಡನೂ ನಮ್ಮವರೇ, ಮೂಡುಬಿದಿರೆ ಕಡೆ. 12 ವರ್ಷ ಅಲ್ಲಿದ್ದು, ಅವರ ಕೆಲಸದ ಕಾರಣಕ್ಕೆ ಪುಣೆಯ ಬಾಣೇರ್‌ಗೆ ಬಂದಿದ್ದೇವೆ. ಜರ್ಮನಿಯಲ್ಲಿ ನಾನು ‘ಇಂಡಿಯಾದವಳು’. ಕಾರ್ಕಳಕ್ಕೆ ಅಮ್ಮನ ತರವಾಡು ಮನೆಯ (ಕುಟುಂಬದ ಮೂಲಮನೆ) ತಂಬಿಲಕ್ಕೆ (ದೈವದ ಪೂಜೆ) ಹೋದರೆ ‘ಬೊಂಬಾಯಿಯವಳು’. ಡೊಂಬಿವಲಿಯಲ್ಲಿ ‘ಸೌತ್‌ನವರು’. ಇಲ್ಲಿ ಸೊಸೈಟಿಯಲ್ಲಿ ‘ಜರ್ಮನಿಯವರು’. ವಾಪಸ್ ಬಂದರೆ ನೆಮ್ಮದಿ ಅಂದುಕೊಂಡಿದ್ದೆ. ಅಲ್ಲಿಗಿಂತ ಇಲ್ಲೇ ಹೊರಗಿನವಳು ಅನಿಸುತ್ತಿದೆ. ಮುಂಬಯಿ ಏರ್‌ಪೋರ್ಟಿನಲ್ಲಿ ಗಂಡ ಮತ್ತು ಏಳು ವರ್ಷದ ಮಗಳು ಜರ್ಮನ್ ಪಾಸ್‌ಪೋರ್ಟ್ ಹಿಡಿದು ಒಂದು ಸಾಲಿನಲ್ಲಿ, ನಾನು ಇಂಡಿಯನ್ ಪಾಸ್‌ಪೋರ್ಟ್ ಹಿಡಿದು ಇನ್ನೊಂದರಲ್ಲಿ. ಮಗಳು ಅಲ್ಲಿಂದಲೇ ಕೂಗಿ ಕೇಳಿದಳು, ‘ಅಮ್ಮಾ, ನಾನು ಯಾರ ಕಡೆ?’ ಉತ್ತರ ಹೊಳೆಯಲಿಲ್ಲ. ಇದು ಮನಸ್ಸಿನ ಕಾಯಿಲೆಯಾ? ಅವಳಿಗೆ ಏನು ಹೇಳಲಿ? ತುಳು ಕಲಿಸಲಾ, ಕನ್ನಡ ಕಲಿಸಲಾ?

ಉತ್ತರ: ಮೊದಲು ಹೆದರಿಕೆಯ ಮಾತು ಮುಗಿಸಿಬಿಡೋಣ. ಇದು ಕಾಯಿಲೆ ಅಲ್ಲ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ದಿನ ಹೋಗುತ್ತಿದ್ದರೆ ಡಾಕ್ಟರನ್ನು ನೋಡಿ. ಫೋನಿನಲ್ಲೇ ಮಾತಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ನಾಲ್ಕು ಕಡೆಯವರು ನಿಮಗೆ ನಾಲ್ಕು ಹೆಸರಿಟ್ಟಿದ್ದಾರೆ, ನೀವು ನಾಲ್ಕನ್ನೂ ಮೈಗೆ ಹಚ್ಚಿಕೊಂಡಿದ್ದೀರಿ. ಅಷ್ಟು ಕಂಡಿತು.

ಮುಂಬಯಿಯ ಮಾಟುಂಗದ ಯಾವುದಾದರೂ ಮದುವೆಯಲ್ಲಿ ಹಿರಿಯರಿಬ್ಬರು ಹೊಸದಾಗಿ ಭೇಟಿಯಾಗುವುದನ್ನು ಕೇಳಿದ್ದೀರಲ್ಲ? ‘ಊರು ಯಾವುದು?’ ‘ಊರು ಮುಲ್ಕಿ.’ ‘ಇರೋದು?’ ‘ಇರೋದು ಮುಲುಂಡ್.’ ಅಷ್ಟಾದ ಮೇಲೆ ‘ಮುಲ್ಕಿಯಲ್ಲಿ ಎಲ್ಲಿ?’ ಅಂತ ಶುರುವಾಗುತ್ತದೆ. ಪಾಯಸ ಬರುವ ಹೊತ್ತಿಗೆ ಯಾರದೋ ಭಾವನ ತಂಗಿಯ ಮೂಲಕ ನೆಂಟಸ್ತಿಕೆ ಸಿಕ್ಕಿರುತ್ತದೆ.

ಅಲ್ಲಿ ಪ್ರಶ್ನೆ ಎರಡು. ಊರು ಬೇರೆ, ಇರೋದು ಬೇರೆ. ಎರಡಕ್ಕೂ ಬೇರೆ ಬೇರೆ ಉತ್ತರ ಕೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ಮರಾಠಿಯವರದೂ ಹೀಗೇ. ಮುಂಬಯಿಯ ಪರೇಲಿನಲ್ಲಿ ಮೂರು ತಲೆಮಾರು ಕಳೆದವರೂ ‘ಗಾವ್ ಕುಠಲಂ?’ ಅಂದರೆ ರತ್ನಾಗಿರಿಯ ಹಳ್ಳಿಯ ಹೆಸರು ಹೇಳುತ್ತಾರೆ. ಮೇ ತಿಂಗಳಲ್ಲಿ ಅರ್ಧ ಮುಂಬಯಿ ಗಂಟುಮೂಟೆ ಕಟ್ಟಿಕೊಂಡು ಹೊರಡುವುದು ಈ ‘ಊರು’ ಎಂಬ ಉತ್ತರದ ಕಡೆಗೇ. ಜರ್ಮನಿಯಲ್ಲಿ ನಿಮ್ಮನ್ನು ಕೇಳಿದವರು ‘ಎಲ್ಲಿಂದ ಬಂದಿರಿ?’ ಅಂತ ಒಂದೇ ಪ್ರಶ್ನೆ ಕೇಳಿದರು. ಅದಕ್ಕೆ ಒಂದೇ ಜಾಗದ ಹೆಸರು ಬೇಕು. ನೀವು 12 ವರ್ಷ ಕಾರ್ಕಳ, ಡೊಂಬಿವಲಿ ಎರಡನ್ನೂ ಮಡಚಿ ‘ಇಂಡಿಯಾ’ ಎಂಬ ಒಂದು ಚೀಲಕ್ಕೆ ತುಂಬಿ ತೋರಿಸಿದಿರಿ. ಈಗ ಇಲ್ಲಿ ಬಂದ ಮೇಲೂ ಅದೇ ಅಭ್ಯಾಸ. ನಿಮ್ಮನ್ನು ನೀವೇ ಕೇಳಿಕೊಳ್ಳುವಾಗಲೂ ಒಂದೇ ಉತ್ತರ ಹುಡುಕುತ್ತಿದ್ದೀರಿ.

ಮುಂಬಯಿ ಕನ್ನಡಿಗರ ಕತೆಯನ್ನೇ ನೋಡಿ. ಉಡುಪಿಯಲ್ಲಿ ಯಾರಾದರೂ ‘ಬನ್ನಿ, ಉಡುಪಿ ಹೋಟೆಲಿಗೆ ಹೋಗೋಣ’ ಅನ್ನುತ್ತಾರಾ? ಅಲ್ಲಿ ಅದು ಬರೀ ಹೋಟೆಲು. ಊರಿನ ಹೆಸರು ಬೋರ್ಡಿಗೆ ಏರುವುದು ಊರು ಬಿಟ್ಟ ಮೇಲೆ. ಮಾಟುಂಗ ಸ್ಟೇಶನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಆ ಕಾಲದಲ್ಲಿ ಕರಾವಳಿಯಿಂದ ಬಂದ ಹುಡುಗರು ಹಗಲು ಲೋಟ ತೊಳೆದು, ಸಂಜೆ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮತ್ತೆ ಹೋಟೆಲಿನ ಬೆಂಚಿನ ಮೇಲೆಯೇ ಮಲಗುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿಯ ಮನೆಮಾತು ಕನ್ನಡ ಅಲ್ಲ. ತುಳು, ಕೊಂಕಣಿ, ಬ್ಯಾರಿ. ಊರಲ್ಲಿದ್ದಾಗ ಅವರಿಗೆ ತಾವು ‘ಕನ್ನಡಿಗರು’ ಎಂದು ಹೇಳಿಕೊಳ್ಳುವ ಪ್ರಸಂಗ ಬಂದಿರಲೇ ಇಲ್ಲ. ಇಲ್ಲಿ ಎಲ್ಲರಿಗೂ ಸಾಮಾನ್ಯವಾಗಿದ್ದದ್ದು ಕನ್ನಡ ಶಾಲೆ, ಕನ್ನಡ ಪೇಪರು, ಯಕ್ಷಗಾನ. ಹಾಗಾಗಿ ಇಲ್ಲಿ ಬಂದು ಕನ್ನಡಿಗರಾದರು.

ಇನ್ನೂ ಒಂದು ತಮಾಷೆ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಆಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಮೈಸೂರಿನವರು ಮಹಾರಾಜರ ಪ್ರಜೆಗಳು. ಮಂಗಳೂರು, ಉಡುಪಿಯವರು ಮದ್ರಾಸ್ ಪ್ರಾಂತದವರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರು ಬೊಂಬಾಯಿ ಪ್ರಾಂತದವರು. ಅವರು ಮುಂಬಯಿಗೆ ಬಂದದ್ದು ಪರವೂರಿಗಲ್ಲ, ತಮ್ಮದೇ ರಾಜಧಾನಿಗೆ! ಈ ಮೂರು ಕಡೆಯವರು ಒಂದೇ ರಾಜ್ಯದವರಾದದ್ದು 1956ರ ನವೆಂಬರ್ 1ಕ್ಕೆ. ಮುಂಬಯಿಯಲ್ಲಿ ಅದಕ್ಕೂ ಮೊದಲೇ ಒಂದೇ ಚಾಪೆಯ ಮೇಲೆ ಕೂತಿದ್ದರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಇಲ್ಲಿ ಗಲಾಟೆ ಎದ್ದಾಗ, ಯಾರು ಯಾವ ಜಿಲ್ಲೆ ಅಂತ ಯಾರೂ ವಿಚಾರಿಸಲಿಲ್ಲ. ಎಲ್ಲರೂ ‘ಮದ್ರಾಸಿ’ಗಳೇ.

ನಿಮ್ಮ ಅಪ್ಪನೂ ಇದೇ ದಾರಿಯಲ್ಲಿ ಬಂದವರು. ನಿಮಗೆ ಸ್ಟುಟ್‌ಗಾರ್ಟಿನಲ್ಲಿ ಆದದ್ದು ಅವರಿಗೆ ಮುಂಬಯಿಯಲ್ಲಿ ಆಗಿತ್ತು. ವೀಸಾ ಇರಲಿಲ್ಲ ಅಷ್ಟೆ. ಒಮ್ಮೆ ಡೊಂಬಿವಲಿಗೆ ಹೋಗಿ ಸುಮ್ನೆ ಕೇಳಿ ನೋಡಿ: ಬಂದ ಮೊದಲ ವರ್ಷ ಯಾರು ಏನಂತ ಕರೀತಿದ್ರು, ಎಲ್ಲಿ ಮಲಗ್ತಿದ್ರಿ ಅಂತ. ಹೋಟೆಲಿನಲ್ಲಿ ಬದುಕು ಕಳೆದವರು ಮಕ್ಕಳ ಮುಂದೆ ಈ ಮಾತು ತೆಗೆಯುವುದು ಕಡಿಮೆ.

ಈಗ ವಾಪಸ್ ಬಂದ ಮೇಲಿನ ಕಿರಿಕಿರಿ. ನಾರ್ವೆಯ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕಕ್ಕೆ ಹೋಗಿ ಬಂದ ತಮ್ಮ ದೇಶದವರನ್ನು ಮಾತಾಡಿಸಿ 1955ರಲ್ಲಿ ಬರೆದರು. ಹೋದ ಹೊಸತರಲ್ಲಿ ಖುಷಿ, ಕೆಲವು ತಿಂಗಳಿಗೆ ಕುಸಿತ, ಆಮೇಲೆ ನಿಧಾನ ಚೇತರಿಕೆ. ಗೀಟು ಹಾಕಿದರೆ ಇಂಗ್ಲಿಷಿನ ಯು ಅಕ್ಷರ. 1963ರಲ್ಲಿ ಗಲ್ಲಹಾರ್ನ್ ದಂಪತಿ ಅದರ ಪಕ್ಕ ಇನ್ನೊಂದು ಯು ಸೇರಿಸಿ ಡಬ್ಲ್ಯೂ ಮಾಡಿದರು. ವಾಪಸ್ ಬಂದಾಗಲೂ ಹಾಗೇ ಒಂದು ಕುಸಿತ ಇರುತ್ತದೆ ಅಂತ. ಈ ಗೀಟು ಎಲ್ಲರಿಗೂ ಹೊಂದುವುದಿಲ್ಲ, ಹೋದ ದಿನವೇ ಕುಸಿದವರೂ ಇದ್ದಾರೆ ಎಂದು ಆಮೇಲಿನವರು ತೋರಿಸಿದ್ದಾರೆ. ಆದರೆ ಎರಡನೆಯ ಕುಸಿತ ಸುಳ್ಳಲ್ಲ. ಅದನ್ನು ನಾನು ಸಲಹೆ ಕೊಡುವವನಾಗಿಯೂ, ಹೋಗಿ ಬಂದವನಾಗಿಯೂ, ಕುರ್ಚಿಯ ಎರಡೂ ಬದಿ ಕೂತು ನೋಡಿದ್ದೇನೆ.

ಹೋಗುವಾಗ ಎಲ್ಲರೂ ಎಚ್ಚರಿಸುತ್ತಾರೆ. ಚಳಿ, ಭಾಷೆ, ಒಂಟಿತನ ಅಂತ. ಬರುವಾಗ ಯಾರೂ ಏನೂ ಹೇಳುವುದಿಲ್ಲ. ಮನೆಗೆ ತಾನೇ ಬರ್ತಿರೋದು! ಜರ್ಮನಿಯಲ್ಲಿ ತಪ್ಪು ಮಾಡಿದರೆ ಹೊರಗಿನವಳು ಅಂತ ಬಿಡುತ್ತಿದ್ದರು. ಬಾಣೇರಿನಲ್ಲಿ ನೀವು ಲಿಫ್ಟಿನ ಮುಂದೆ ಸಾಲಾಗಿ ನಿಂತರೆ ದೊಡ್ಡಸ್ತಿಕೆ ಅನ್ನುತ್ತಾರೆ.

ನನ್ನದೇ ಕತೆ ಹೇಳುತ್ತೇನೆ. ನಾನು 1989ರಿಂದ ಐದು ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೆ. ನಮ್ಮ ಮನೆ ವಡಾಲಾದ ಒಂದು ಚಾಳಿನಲ್ಲಿ. ಫೋನು ದುಬಾರಿ, ಹಾಗಾಗಿ ಅಪ್ಪ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದರು. ಅಪ್ಪನಿಗೆ ಮೈಕ್ ಕಂಡರೆ ಭಾಷಣದ ದನಿ ಬರುತ್ತಿತ್ತು. ‘ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಆರೋಗ್ಯದ ಕಡೆ ಗಮನ ಇರಲಿ.’ ಅದನ್ನು ನಾನು ಒಂದು ಸಲ ಕೇಳುತ್ತಿದ್ದೆ. ಮತ್ತೆ ಮತ್ತೆ ಹಿಂದೆ ತಿರುಗಿಸಿ ಕೇಳುತ್ತಿದ್ದದ್ದು ಅಪ್ಪನ ಹಿಂದಿನ ಸದ್ದು. ಹಾರ್ಬರ್ ಲೈನಿನ ಲೋಕಲ್ಲಿನ ಹಾರನ್ನು, ಅಮ್ಮನ ಕುಕ್ಕರಿನ ಸೀಟಿ, ಆಮೇಲೆ ಪಕ್ಕದ ಮನೆಯ ಕಾಕೂ ಕಾರಿಡಾರಿನ ಉದ್ದಕ್ಕೂ ಕೂಗುವ ‘ಪಾಣಿ ಆಲಂ!’ ನಳದಲ್ಲಿ ನೀರು ಬಂತು ಅಂತ. ಅಲ್ಲಿಯ ಕನ್ನಡದವರು ಸೇರಿದಾಗ ನನ್ನ ಕನ್ನಡ ಕೇಳಿ ಬೆಂಗಳೂರಿನ ಒಬ್ಬರು ‘ನೀವು ಮರಾಠಿಯವರಾ?’ ಅಂದಿದ್ದರು. ನನ್ನ ಬಾಯಲ್ಲಿ ಅಷ್ಟು ‘ಫುಕಟ್’, ‘ಚಾಲೂ’ ಇದ್ದವು. ನನಗೆ ನೆನಪಾಗಿ ಕಾಡಬೇಕಾದದ್ದು ಊರು ಕುಮಟೆಯ ಸಮುದ್ರ ಅಂತ ನಾನೇ ಅಂದುಕೊಂಡಿದ್ದೆ. ಕಾಡಿದ್ದು ನಳದ ಕೂಗು.

1994ರಲ್ಲಿ ವಾಪಸ್ ಬಂದೆ. ಚಾಳು ಹಾಗೇ ಇತ್ತು. ಆದರೆ ಮೇಲೆ ಟ್ಯಾಂಕಿ ಕೂರಿಸಿ ಪಂಪು ಹಾಕಿದ್ದರು. ನೀರು ಇಡೀ ದಿನ. ಯಾರೂ ಕೂಗುತ್ತಿರಲಿಲ್ಲ. ಇಡೀ ಮುಂಬಯಿಯಲ್ಲಿ ನೀರು ಬಂದದ್ದಕ್ಕೆ ಬೇಜಾರು ಮಾಡಿಕೊಂಡವನು ನಾನೊಬ್ಬನೇ ಇರಬೇಕು. ಸುಮಾರು ಆರು ತಿಂಗಳು ಎಲ್ಲರ ಮೇಲೂ ಸಿಡುಕುತ್ತಿದ್ದೆ. ನಾನು ಓದಿದ್ದೇ ಮನಃಶಾಸ್ತ್ರ, ಆದರೂ ಕಾರಣ ತಿಳಿಯಲಿಲ್ಲ. ಅಮ್ಮ ಒಂದು ದಿನ ಹೇಳಿದಳು, ‘ನೀನು ಹೋದಾಗಿನ ಮನೆಗೆ ಬಂದಿದ್ದೀಯ, ನಾವು ಈಗಿನ ಮನೆಯಲ್ಲಿದ್ದೇವೆ.’

ಇದು ನಿಮ್ಮ ವಿಷಯದಲ್ಲಿ ಎರಡು ಪಟ್ಟು. ನಿಮ್ಮ ಅಪ್ಪ ಅಮ್ಮ ಕಾರ್ಕಳ ಬಿಟ್ಟ ವರ್ಷದ ಕಾರ್ಕಳವನ್ನು ಡೊಂಬಿವಲಿಗೆ ತಂದರು. ನೀವು ಅದನ್ನೇ ಸ್ಟುಟ್‌ಗಾರ್ಟಿಗೆ ಒಯ್ದಿರಿ, ಜೊತೆಗೆ 2012ರ ಡೊಂಬಿವಲಿಯನ್ನೂ. ಊರಿನಲ್ಲೇ ಇರುವವರು ದಿನಾ ಸ್ವಲ್ಪ ಸ್ವಲ್ಪ ಬದಲಾಗುತ್ತಾರೆ, ಅವರಿಗೆ ಗೊತ್ತೇ ಆಗುವುದಿಲ್ಲ. ದೂರ ಹೋದವರು ಹಳೆಯದನ್ನು ಗಟ್ಟಿಯಾಗಿ ಹಿಡಿದಿರುತ್ತಾರೆ. ಅದಕ್ಕೇ ಹೊರದೇಶದ ಹಬ್ಬಗಳಲ್ಲಿ ಶಾಸ್ತ್ರ ಜಾಸ್ತಿ, ಅಲ್ವಾ?

ಪುಸ್ತಕದ ಮಾತು ಇನ್ನೂ ಒಂದಿದೆ. ಕೆನಡಾದ ಮನಃಶಾಸ್ತ್ರಜ್ಞ ಜಾನ್ ಬೆರ್ರಿ ವಲಸೆ ಹೋದವರ ಮುಂದೆ ನಾಲ್ಕು ದಾರಿ ಇವೆ ಅನ್ನುತ್ತಾರೆ: ಹಳೆಯದು ಹೊಸದು ಎರಡನ್ನೂ ಇಟ್ಟುಕೊಳ್ಳುವುದು, ಹಳೆಯದನ್ನು ಬಿಟ್ಟು ಹೊಸದರಲ್ಲಿ ಕರಗುವುದು, ಹಳೆಯದರೊಳಗೇ ಬಾಗಿಲು ಹಾಕಿಕೊಳ್ಳುವುದು, ಎರಡೂ ಇಲ್ಲದೆ ಉಳಿಯುವುದು. ಅವರೂ ಜೊತೆಗಾರರೂ 13 ದೇಶಗಳ 5,000ಕ್ಕೂ ಹೆಚ್ಚು ವಲಸಿಗ ಮಕ್ಕಳನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಎರಡನ್ನೂ ಇಟ್ಟುಕೊಂಡವರೇ ಒಟ್ಟಾರೆ ಚೆನ್ನಾಗಿದ್ದರು. ಒಳ್ಳೆಯ ಕೆಲಸ, ಆದರೆ ನನಗೆ ಈ ನಾಲ್ಕು ಡಬ್ಬಿಗಳ ಮೇಲೆ ಪೂರ್ತಿ ನಂಬಿಕೆ ಇಲ್ಲ. ಒಬ್ಬ ಮನುಷ್ಯ ಬೆಳಿಗ್ಗೆ ಆಫೀಸಿನಲ್ಲಿ ಕರಗಿ, ಮಧ್ಯಾಹ್ನ ಡಬ್ಬಿ ಬಿಚ್ಚಿ ಬೇರೆ ಕೂತು, ರಾತ್ರಿ ಎರಡೂ ಬೇಡ ಅಂತ ಮುಸುಕು ಹಾಕಿ ಮಲಗಬಹುದು. ಜೊತೆಗೆ, ಅಲ್ಲಿಯ ಜನ ಬಾಗಿಲು ತೆರೆದರೆ ತಾನೇ ಎರಡನ್ನೂ ಇಟ್ಟುಕೊಳ್ಳುವುದು? ಅದನ್ನು ಬೆರ್ರಿಯವರೂ ಒಪ್ಪುತ್ತಾರೆ.

ನಾನು ಹೊಸಬನಿದ್ದಾಗ ಈ ಡಬ್ಬಿಗಳನ್ನು ನಂಬಿ ಒಂದು ತಪ್ಪು ಮಾಡಿದೆ. ಮಸ್ಕತ್‌ನಿಂದ 22 ವರ್ಷದ ನಂತರ ಬಂದ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಸಂಜೆಯಾದರೆ ಒಬ್ಬರೇ ಬಾಲ್ಕನಿಯಲ್ಲಿ ಖರ್ಜೂರ, ಏಲಕ್ಕಿ ಹಾಕಿದ ಕಪ್ಪು ಕಾಫಿ ಇಟ್ಟುಕೊಂಡು ಕೂರುತ್ತಾರೆ ಅಂತ ಮನೆಯವರ ದೂರು. ‘ಈಗ ಇಲ್ಲಿಗೆ ಬಂದಾಯ್ತಲ್ಲ, ಅದನ್ನು ಬಿಡಿ’ ಅಂದೆ. ‘ಮಸ್ಕತ್ ಬಿಡು ಅಂದ್ರೆ 22 ವರ್ಷ ಬಿಡು ಅಂದ ಹಾಗೆ ಸರ್’ ಅಂದರು. ಮುಂದಿನ ವಾರದಿಂದ ಬರಲಿಲ್ಲ. ಇವತ್ತಾದರೆ, ಮನೆಯವರಿಗೂ ಒಂದೊಂದು ಕಪ್ ಕೊಡಿ ಅನ್ನುತ್ತಿದ್ದೆ.

ಹಾಗಾಗಿ ನೀವು ಜರ್ಮನಿಯನ್ನು ಅಟ್ಟಕ್ಕೆ ಹಾಕಬೇಡಿ. ಸೊಸೈಟಿಯವರು ನಗಲಿ, ಭಾನುವಾರ ಸಂಜೆಯ ನಿಮ್ಮ ನಡಿಗೆ ಇರಲಿ, ಬ್ರೆಡ್ಡು ಇರಲಿ.

ಮತ್ತೆ, ‘ಮೂಲ’ ಎಂಬ ಮಾತಿನ ಬಗ್ಗೆ ಎಚ್ಚರ. ನಮ್ಮ ಮನೆಮಾತು ಕೊಂಕಣಿ, ಊರು ಕುಮಟೆ, ಕುಲದೇವರು ಗೋವಾದ ಮಂಗೇಶ. ಅಂದರೆ ಕುಮಟೆಯೂ ನಮ್ಮವರಿಗೆ ಒಂದು ಕಾಲದಲ್ಲಿ ಪರವೂರೇ. ಸರಿ, ಮೂಲ ಗೋವಾ ಅನ್ನೋಣ ಅಂತ ಹೋದರೆ, ಮಂಗೇಶನೂ ಈಗಿರುವ ಜಾಗದವನಲ್ಲ. ಅವನ ಮೊದಲ ಗುಡಿ ಜುವಾರಿ ನದಿಯ ದಡದ ಕುಶಸ್ಥಲಿಯಲ್ಲಿತ್ತು. ಪೋರ್ಚುಗೀಸರ ಕಾಟಕ್ಕೆ 1560ರಲ್ಲಿ ಭಕ್ತರು ಲಿಂಗವನ್ನು ಅವರ ಹಿಡಿತದ ಹೊರಗಿದ್ದ ಪ್ರಿಯೋಳಕ್ಕೆ ಸಾಗಿಸಿದರು. ಈಗ ಆ ಜಾಗಕ್ಕೇ ಮಂಗೇಶಿ ಅನ್ನುತ್ತಾರೆ. ದೇವರೇ ಊರು ಬಿಟ್ಟು ಬಂದು, ಬಂದ ಊರಿಗೆ ತನ್ನ ಹೆಸರು ಕೊಟ್ಟ. ನಾನು ಮೊದಲ ಸಲ ಅಲ್ಲಿ ಪೂಜೆ ಮಾಡಿಸಲು ನಿಂತಾಗ ಭಟ್ಟರು ಕೇಳಿದ್ದು, ‘ಊರು?’ ನಾನು ‘ಕುಮಟೆ’ ಅಂದೆ. ‘ಇರೋದು?’ ‘ಮುಂಬಯಿ.’ ತಲೆ ಎತ್ತದೆ ಬರೆದುಕೊಂಡರು.

ಇನ್ನು ಮಗಳ ವಿಷಯ. ಅಮೆರಿಕದ ರೂತ್ ಯೂಸೀಮ್ ಎಂಬ ಸಮಾಜಶಾಸ್ತ್ರಜ್ಞೆ 1950ರ ದಶಕದಲ್ಲಿ ನಮ್ಮ ದೇಶದಲ್ಲೇ ಇದ್ದು, ಇಲ್ಲಿ ಕೆಲಸಕ್ಕೆ ಬಂದ ಅಮೆರಿಕನ್ ಕುಟುಂಬಗಳನ್ನು ಗಮನಿಸಿದರು. ಆ ಮಕ್ಕಳು ಅಪ್ಪ ಅಮ್ಮನ ದೇಶದ ಹಾಗೂ ಇಲ್ಲ, ಇಲ್ಲಿಯ ಹಾಗೂ ಇಲ್ಲ, ತಮ್ಮದೇ ಒಂದು ಮೂರನೆಯ ರೀತಿ ಮಾಡಿಕೊಂಡಿದ್ದಾರೆ ಎಂದು ಕಂಡು ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎಂದು ಹೆಸರಿಟ್ಟರು. ನಿಮ್ಮ ಮಗಳು ಅದೇ ಬಳಗ, ದಿಕ್ಕು ಬೇರೆ ಅಷ್ಟೆ.

ಅವಳ ಜರ್ಮನ್ ಬಗ್ಗೆ ನಿಮಗೆ ಚಿಂತೆ ಇಲ್ಲ ಅಂತ ಕಾಣುತ್ತದೆ, ಪತ್ರದಲ್ಲಿ ಅದರ ಮಾತೇ ಇಲ್ಲ. ನನಗೆ ಚಿಂತೆ ಇರುವುದು ಅದರದ್ದೇ. ಚಿಕ್ಕ ಮಕ್ಕಳ ಭಾಷೆ ಬಂದಷ್ಟೇ ಬೇಗ ಹೋಗುತ್ತದೆ. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದರೆ, ಅವರಿಗೆ ಕೊರಿಯನ್ ಮಾತು ಬೇರೆ ಯಾವುದೋ ವಿದೇಶಿ ಭಾಷೆಯಂತೆಯೇ ಕೇಳಿಸಿತು ಎಂದು 2003ರ ಒಂದು ಅಧ್ಯಯನ ಹೇಳುತ್ತದೆ. ಅದೃಷ್ಟಕ್ಕೆ ನೀವಿರುವುದು ಪುಣೆಯಲ್ಲಿ. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಫರ್ಗ್ಯೂಸನ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಜರ್ಮನ್ ಕಲಿಯುವವರ ಸಾಲೇ ಇರುತ್ತದೆ. ಅಲ್ಲಿ ಓದುವ ಯಾರಾದರೂ ಹುಡುಗಿ ವಾರಕ್ಕೆ ಎರಡು ಸಂಜೆ ಬಂದು ಇವಳ ಜೊತೆ ಆಡಲಿ. ಪಾಠ ಬೇಡ. ಅಪ್ಪನೂ ಜರ್ಮನ್ನಿನಲ್ಲೇ ಮಾತಾಡಲಿ. ಆದರೆ ನೆಂಟರ ಮುಂದೆ ನಿಲ್ಲಿಸಿ ‘ಎಲ್ಲಿ, ಜರ್ಮನ್ ಮಾತಾಡು ಪುಟ್ಟಾ’ ಅನ್ನಬೇಡಿ. ಪಾಪ, ಆ ಭಾಷೆಯಲ್ಲಿ ಅವಳಿಗೆ ಸ್ನೇಹಿತರಿದ್ದರು. ಅದು ಸರ್ಕಸ್ ಅಲ್ಲ.

ತುಳುವೋ ಕನ್ನಡವೋ? ಮಾತಿಗೆ ತುಳು, ಅಕ್ಷರಕ್ಕೆ ಕನ್ನಡ. ಭಾಷೆ ಉಳಿಯಲು ಅದರಲ್ಲಿ ಮುದ್ದು ಮಾಡುವ, ಬೈಯುವ ಒಬ್ಬರು ಬೇಕು. ನಿಮ್ಮ ಅಮ್ಮ ಡೊಂಬಿವಲಿಯಲ್ಲಿದ್ದಾರೆ. ಶನಿವಾರ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ನೀವು ಅಲ್ಲಿಂದ ಜಾಗ ಖಾಲಿ ಮಾಡಿ. ನೀವಿದ್ದರೆ ಅವಳು ನಿಮ್ಮ ಕಡೆ ತಿರುಗಿ ಜರ್ಮನ್ನಿನಲ್ಲಿ ಕೇಳುತ್ತಾಳೆ, ನೀವು ಅನುವಾದ ಮಾಡುತ್ತೀರಿ, ಅಲ್ಲಿಗೆ ಮುಗಿಯಿತು. ಕನ್ನಡದ ಅಕ್ಷರ ಆಮೇಲೆ ಬರಲಿ. ತುಳುವನ್ನೂ ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಹಾಗಾಗಿ ಒಂದು ಕಲಿತರೆ ಎರಡಕ್ಕೂ ಆಯಿತು. ಮರಾಠಿ ಶಾಲೆಯಲ್ಲಿ ಬಂದೇ ಬರುತ್ತದೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಅದು ಕಡ್ಡಾಯ. ಇಷ್ಟು ಭಾಷೆಗೆ ಮಗು ತಬ್ಬಿಬ್ಬಾಗುತ್ತದೆ ಎಂಬ ಹೆದರಿಕೆಗೆ ಆಧಾರ ಇಲ್ಲ. ಡೊಂಬಿವಲಿಯಲ್ಲಿ ನೀವೇ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೆಟ್ಟಿಲ ಮೇಲೆ ಮರಾಠಿ, ಲೋಕಲ್ಲಿನಲ್ಲಿ ಹಿಂದಿ ಮಾತಾಡಿ ಬೆಳೆದವರಲ್ಲವಾ?

ಕೊನೆಗೆ ಪಾಸ್‌ಪೋರ್ಟಿನ ಸಾಲು. ಕಾಗದದ ವಿಷಯವನ್ನು ಕಾಗದದ ಹಾಗೇ ಹೇಳಿ. ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಅಪ್ಪ ಮಗಳಿಗೆ ಜರ್ಮನ್ ಪಾಸ್‌ಪೋರ್ಟು, ಜೊತೆಗೆ ಓಸಿಐ ಕಾರ್ಡು (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವುದು) ಇರಬೇಕು. ಅದಿದ್ದರೆ ಇಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು, ಓದಬಹುದು. ಓಟು ಹಾಕುವ ಹಾಗಿಲ್ಲ, ಕಾರ್ಕಳದಲ್ಲಿ ಗದ್ದೆ ಕೊಳ್ಳುವ ಹಾಗಿಲ್ಲ. ಏಳು ವರ್ಷದವಳಿಗೆ ಎರಡೂ ಸದ್ಯ ಬೇಕಾಗಿಲ್ಲ. ಮುಂದಿನ ಸಲ ಏರ್‌ಪೋರ್ಟಿನಲ್ಲಿ ಸಿಬ್ಬಂದಿಯನ್ನು ಕೇಳಿ ನೋಡಿ. ಚಿಕ್ಕ ಮಗು ಇದ್ದರೆ ಒಟ್ಟಿಗೆ ನಿಲ್ಲಲು ಬಿಡುವುದುಂಟು.

ಆದರೆ ‘ನಾನು ಯಾರ ಕಡೆ’ ಅನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಇನ್ನೊಂದು ಉತ್ತರ ಇದೆ. ಅಮ್ಮನ ತರವಾಡು ಮನೆಯ ತಂಬಿಲಕ್ಕೆ ಹೋಗುತ್ತೇವೆ ಅಂದಿರಿ. ಅಂದರೆ ನಿಮ್ಮದು ಅಳಿಯಸಂತಾನದ ಮನೆ, ವಂಶ ಎಣಿಸುವುದು ತಾಯಿಯ ಕಡೆಯಿಂದ. ಅಲ್ಲಿ ಬರಿ, ಅಂದರೆ ಗೋತ್ರದಂಥ ಕುಲದ ಹೆಸರು, ಬರುವುದು ತಾಯಿಯಿಂದ. ಒಂದೇ ಬರಿಯೊಳಗೆ ಮದುವೆ ಆಗುವಂತಿಲ್ಲ, ಹಾಗಾಗಿ ನಿಮ್ಮ ಗಂಡನ ಬರಿ ಬೇರೆಯೇ. ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದರೇನು, ಯಾವ ಪಾಸ್‌ಪೋರ್ಟಾದರೇನು, ಮಗಳ ಬರಿ ನಿಮ್ಮದು, ನಿಮ್ಮ ಅಮ್ಮನದು. ಏರ್‌ಪೋರ್ಟಿನಲ್ಲಿ ಅವಳು ಅಪ್ಪನ ಸಾಲು. ತಂಬಿಲದ ದಿನ ಅವಳು ನಿಮ್ಮ ಜೊತೆ ಮನೆಯವಳು, ಅಪ್ಪ ನೆಂಟರು. ಈ ವರ್ಷ ಹೋಗುವ ಮೊದಲು ಇದನ್ನು ಅವಳಿಗೆ ಹೇಳಿಡಿ. ಅಪ್ಪನಿಗೆ ‘ಬನ್ನಿ, ಕೂತ್ಕೊಳ್ಳಿ’ ಅಂತ ಉಪಚಾರ ಮಾಡುವ ಕೆಲಸ ಅವಳಿಗೇ ಕೊಡಿ.